ಮೋಟರ್ ಕಟ್ಟಲು ಬರುತ್ತದೆ, ಫೀಲ್ಡ್ ಥಿಯರಿ ಮಾತ್ರ ತಲೆಗೆ ಹತ್ತುತ್ತಿಲ್ಲ

ಪ್ರಶ್ನೆ: ಸರ್, ನಾನು ಬಾಗಲಕೋಟೆ ಕಡೆಯವನು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಬಿ.ಇ. ಎಲೆಕ್ಟ್ರಿಕಲ್‌ಗೆ ಸೇರಿದ್ದೇನೆ, ಈಗ ನಾಲ್ಕನೇ ಸೆಮಿಸ್ಟರ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಡಿಪ್ಲೊಮಾದಲ್ಲಿ ಶೇ. 84 ಬಂದಿತ್ತು. ರಜೆಯಲ್ಲಿ ಅಪ್ಪನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರ್ ರೀವೈಂಡಿಂಗ್ ಮಾಡುತ್ತೇನೆ. 4 ಪೋಲ್, 36 ಸ್ಲಾಟಿನ ಮೋಟರನ್ನು ಯಾರನ್ನೂ ಕೇಳದೆ ಕಟ್ಟುತ್ತೇನೆ. ಆದರೆ ಇಲ್ಲಿ ಸರ್ಕ್ಯೂಟ್ ಅನಾಲಿಸಿಸ್ ಅಂಚಿನಲ್ಲಿ ಪಾಸಾಯಿತು. ವಿದ್ಯುತ್, ಕಾಂತಕ್ಷೇತ್ರಗಳ ಗಣಿತವಾದ ಫೀಲ್ಡ್ ಥಿಯರಿಯ ಮೊದಲ ಇಂಟರ್ನಲ್ಸ್‌ನಲ್ಲಿ (ಕಾಲೇಜಿನ ಒಳಪರೀಕ್ಷೆ) 25ಕ್ಕೆ 7. ಸೀನಿಯರ್‌ಗಳು, "ಇದಿನ್ನೂ ಟ್ರೇಲರ್. ಸಿಗ್ನಲ್ಸ್, ಕಂಟ್ರೋಲ್, ಪವರ್ ಸಿಸ್ಟಂ ಅನಾಲಿಸಿಸ್ ಬಂದಾಗ ಗೊತ್ತಾಗುತ್ತೆ. ಡಿಪ್ಲೊಮಾದವರಿಗೆ ಇದು ಆಗೋದಲ್ಲ" ಅಂತಾರೆ. ನಿಜಕ್ಕೂ ಯಾವ ವಿಷಯ ಕಷ್ಟ? ಹೇಗೋ ಪಾಸು ಮಾಡಿಕೊಂಡು ಸಾಫ್ಟ್‌ವೇರ್ ಕಡೆ ಹೋಗಲೇ, ಈಗಲೇ ಬಿಟ್ಟು ಅಂಗಡಿಗೆ ಮರಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮುಂದಿನ ವಿಷಯಗಳು ಇನ್ನೂ ಕಷ್ಟವಂತೆ ಎನ್ನುವುದು ಒಂದು. ಡಿಪ್ಲೊಮಾದಿಂದ ಬಂದ ನನಗೆ ಇದು ಒಗ್ಗುವುದೇ ಇಲ್ಲವೇನೋ ಎನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಮುಗಿಸೋಣ, ಏಕೆಂದರೆ ಅದರಲ್ಲಿ ಹುರುಳಿಲ್ಲ.

ಶೇ. 84 ಕೂಡ ನಿಜ, 25ಕ್ಕೆ 7 ಕೂಡ ನಿಜ. ಸೂತ್ರ ಬಳಸಲು ಬರುತ್ತದೆಯೇ ಎಂದು ಡಿಪ್ಲೊಮಾ ನೋಡುತ್ತದೆ. ಆ ಸೂತ್ರ ಎಲ್ಲಿಂದ ಬಂತು ಎಂದು ಡಿಗ್ರಿ ಕೇಳುತ್ತದೆ. ಟ್ರಾನ್ಸ್‌ಫಾರ್ಮರ್ ಇಎಂಎಫ್ ಸೂತ್ರದ 4.44 ನಿಮಗೆ ಬಾಯಿಪಾಠ ಇರಬೇಕು. ಫ್ಲಕ್ಸನ್ನು ಸೈನ್ ಅಲೆಯಾಗಿ ಬರೆದು ಒಮ್ಮೆ ಡಿಫರೆನ್ಷಿಯೇಟ್ ಮಾಡಿದರೆ 2 ಪೈ ಹೊರಬರುತ್ತದೆ, ಆರ್‌ಎಂಎಸ್‌ಗಾಗಿ ಅದನ್ನು ರೂಟ್ 2ರಿಂದ ಭಾಗಿಸಿದರೆ 4.44. ಅಷ್ಟೇ. ಪಿಯುಸಿಯಿಂದ ಬಂದವರು ಎರಡು ವರ್ಷ ಕ್ಯಾಲ್ಕುಲಸ್ ತಿದ್ದಿದವರು, ಮೊದಲ ವರ್ಷದ ಬಿ.ಇ. ಗಣಿತವನ್ನೂ ಮಾಡಿ ಬಂದವರು. ನೀವು ಅದೇ ಕಾಲವನ್ನು ವರ್ಕ್‌ಶಾಪಿನಲ್ಲಿ ಕಳೆದಿರಿ. ನಿಮಗಿರುವುದು ಗಣಿತದ ಬಾಕಿ. ಬುದ್ಧಿಯ ಮಾತು ಇಲ್ಲಿ ಬರುವುದೇ ಇಲ್ಲ.

ಈಗ ನಿಮ್ಮ ಅಂಗಡಿಯ ಮೇಜಿಗೇ ಹೋಗೋಣ. ಮೊದಲ ಫೇಸನ್ನು 1ನೇ ಸ್ಲಾಟಿನಿಂದ ಎತ್ತಿದರೆ ಎರಡನೆಯದನ್ನು 7ರಿಂದ, ಮೂರನೆಯದನ್ನು 13ರಿಂದ ಎತ್ತುತ್ತೀರಿ. ಆರೇ ಸ್ಲಾಟು ಏಕೆ? ಒಂದು ಜೋಡಿ ಪೋಲ್ ದಾಟಿದರೆ 360 ಎಲೆಕ್ಟ್ರಿಕಲ್ ಡಿಗ್ರಿ, ನಾಲ್ಕು ಪೋಲ್ ಸುತ್ತಿ ಬಂದರೆ 720. ಅದನ್ನು 36ಕ್ಕೆ ಹಂಚಿದರೆ ಸ್ಲಾಟಿಗೆ 20, ಆರು ಸ್ಲಾಟಿಗೆ 120. ಎರಡು ಪದರದ ವೈಂಡಿಂಗಿನಲ್ಲಿ ಒಂದು ಗುಂಪಿಗೆ ಪಕ್ಕಪಕ್ಕದ ಮೂರು ಕಾಯಿಲ್ ಹಾಕುತ್ತೀರಿ. ಒಂದೊಂದರಲ್ಲಿ 1 ವೋಲ್ಟ್ ಹುಟ್ಟಿದರೆ ಸೀರೀಸಿನಲ್ಲಿ 3 ವೋಲ್ಟ್ ಸಿಗಬೇಕಲ್ಲ? ಸಿಗುವುದು 2.88. ಮೂರೂ ಒಂದೇ ಹೊತ್ತಿಗೆ ತುದಿ ಮುಟ್ಟುವುದಿಲ್ಲ, 20 ಡಿಗ್ರಿ ಹಿಂದೆ ಮುಂದೆ ಇರುತ್ತವೆ. ನಡುವಿನದನ್ನು ಆಧಾರವಾಗಿಟ್ಟು ಕೂಡಿದರೆ 1 + 2 ಕಾಸ್ 20. ಅದನ್ನು 3ರಿಂದ ಭಾಗಿಸಿದರೆ 0.96, ಪುಸ್ತಕ ಡಿಸ್ಟ್ರಿಬ್ಯೂಷನ್ ಫ್ಯಾಕ್ಟರ್ ಎನ್ನುವುದು ಇದನ್ನೇ. ಸರ್ಕ್ಯೂಟ್ ಅನಾಲಿಸಿಸ್‌ನಲ್ಲಿ ನಿಮ್ಮನ್ನು ಕಾಡಿದ ಫೇಸರ್ ಕೂಡಿಕೆಯೂ, ಅಂದರೆ ಬೆಲೆಯ ಜೊತೆ ಕೋನವನ್ನೂ ಹಿಡಿದು ಕೂಡುವುದೂ, ಇದೇ. ಕೈಗೆ ಗೊತ್ತಿದೆ, ಪೆನ್ನಿಗೆ ಗೊತ್ತಿಲ್ಲ.

ಕಷ್ಟ ಎಂದು ಹೆಸರು ಪಡೆದ ವಿಷಯಗಳನ್ನೆಲ್ಲ ಬಿಡಿಸಿ ನೋಡಿದರೆ ಕೆಳಗೆ ಸಿಗುವುದು ಮೂರು ಬಾಕಿಗಳು: ಕಾಂಪ್ಲೆಕ್ಸ್ ಸಂಖ್ಯೆ, ವೆಕ್ಟರ್ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಶನ್. ಯಾವ ಬಾಕಿ ಯಾವ ವಿಷಯದಲ್ಲಿ ಕುತ್ತಿಗೆಗೆ ಬರುತ್ತದೆ ಎಂದು ಗೊತ್ತಾದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಕಾಂಪ್ಲೆಕ್ಸ್ ಸಂಖ್ಯೆಯಿಂದ ಶುರು ಮಾಡಿ. ಅದು ಎಲ್ಲ ಕಡೆ ಬೇಕು. 230 ವೋಲ್ಟಿಗೆ 6 + ಜೆ8 ಓಮ್ ಲೋಡ್ ಹಾಕಿ. ಇಂಪೀಡೆನ್ಸ್ 10 ಓಮ್, ಕೋನ 53.13 ಡಿಗ್ರಿ. ಕರೆಂಟ್ 23 ಆಂಪಿಯರ್, 53.13 ಡಿಗ್ರಿ ಹಿಂದೆ, ಪವರ್ ಫ್ಯಾಕ್ಟರ್ 0.6 ಲ್ಯಾಗಿಂಗ್. ಪವರ್ ತೆಗೆಯುವಾಗ ವೋಲ್ಟೇಜನ್ನು ಕರೆಂಟಿನ ಕಾಂಜುಗೇಟ್‌ನಿಂದ (ಕೋನದ ಚಿಹ್ನೆ ತಿರುಗಿಸಿದ ರೂಪ) ಗುಣಿಸಬೇಕು: 3174 ವ್ಯಾಟ್, ಜೊತೆಗೆ +4232 ವಾರ್ (ರಿಯಾಕ್ಟಿವ್ ಪವರ್). ಕಾಂಜುಗೇಟ್ ಮರೆತರೆ ವ್ಯಾಟ್ ಹಾಗೇ ಬರುತ್ತದೆ, ವಾರ್ ಮಾತ್ರ ಮೈನಸ್ ಆಗುತ್ತದೆ. ಅಂದರೆ ನಿಮ್ಮ ಇಂಡಕ್ಟರ್ ಕೆಪಾಸಿಟರ್ ಆಗಿಬಿಟ್ಟಿತು. ಈ ಒಂದು ಚಿಹ್ನೆಯ ತಪ್ಪನ್ನು ಇಲ್ಲೇ ಕಳೆದುಕೊಳ್ಳದವರು ಎರಡು ವರ್ಷದ ನಂತರ ಲೋಡ್ ಫ್ಲೋ (ಯಾವ ಲೈನಿನಲ್ಲಿ ಎಷ್ಟು ಪವರ್ ಹರಿಯುತ್ತದೆ ಎನ್ನುವ) ಲೆಕ್ಕದಲ್ಲಿ ಇಟರೇಶನ್ ಏಕೆ ಹಳಿ ತಪ್ಪುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಪ್ರತಿ ಲೆಕ್ಕದ ಕೊನೆಗೆ ತಾಳೆ ನೋಡಿ: 23ರ ವರ್ಗವನ್ನು 6ರಿಂದ ಗುಣಿಸಿದರೆ 3174, 8ರಿಂದ ಗುಣಿಸಿದರೆ 4232. ಅರ್ಧ ನಿಮಿಷದ ಕೆಲಸ.

ಕ್ಯಾಲ್ಕುಲೇಟರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಸಣ್ಣ ವಿಷಯವೆಂದು ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸೈನ್ 314 ಟಿ ಎಂದಾಗ 314 ಟಿ ರೇಡಿಯನ್‌ನಲ್ಲಿದೆ. 5 ಮಿಲಿಸೆಕೆಂಡಿಗೆ ಅದು 1.57, ಸೈನ್ ಬೆಲೆ 1. ಕ್ಯಾಲ್ಕುಲೇಟರ್ ಡಿಗ್ರಿ ಮೋಡಿನಲ್ಲಿದ್ದರೆ 0.027 ತೋರಿಸುತ್ತದೆ. ಕಂಟ್ರೋಲ್ ಸಿಸ್ಟಂನಲ್ಲಿ ಇದರ ತಿರುಗುಮುರುಗು: ಫೇಸ್ ಕೋನ ಡಿಗ್ರಿಯಲ್ಲಿ ಬೇಕು, ಮೋಡ್ ರೇಡಿಯನ್‌ನಲ್ಲಿ ಕೂತಿರುತ್ತದೆ, ಬೋಡೆ ಪ್ಲಾಟ್ ಪೂರ್ತಿ ಹಾಳಾಗುತ್ತದೆ.

ಫೀಲ್ಡ್ ಥಿಯರಿಗೆ ಬರೋಣ, ನಿಮಗೆ ಪೆಟ್ಟು ಬಿದ್ದದ್ದು ಅಲ್ಲೇ. ಹಲವರ ಮಟ್ಟಿಗೆ ಎಲೆಕ್ಟ್ರಿಕಲ್ ಡಿಗ್ರಿಯಲ್ಲಿ ಅತಿ ಕಷ್ಟದ ವಿಷಯ ಇದೇ, ಸೀನಿಯರ್‌ಗಳು ಅದರಲ್ಲಿ ಸುಳ್ಳು ಹೇಳಿಲ್ಲ. ಇಲ್ಲಿಯವರೆಗೆ ನೀವು ನೋಡಿದ್ದು ತಂತಿಯೊಳಗೆ ಹರಿಯುವ ಕರೆಂಟು, ಎರಡು ತುದಿಯ ನಡುವೆ ಅಳೆಯುವ ವೋಲ್ಟೇಜು. ಇಲ್ಲಿ ಜಾಗದ ಪ್ರತಿ ಬಿಂದುವಿಗೂ ಒಂದು ಬೆಲೆ ಇದೆ, ಒಂದು ದಿಕ್ಕೂ ಇದೆ. ಮೀಟರ್ ಹಿಡಿದು ನೋಡಲಾಗದು. ಆದರೆ ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಈ ಗಹನವಾದ ಜಾಗದಲ್ಲಲ್ಲ. ಕೋಆರ್ಡಿನೇಟ್ ಸಿಸ್ಟಂನಲ್ಲಿ ಹೋಗುತ್ತದೆ.

ಒಂದನ್ನು ಹತ್ತಿರದಿಂದ ನೋಡಿ. ಕೇಬಲ್ಲಿನ ನಡುವಿನ ಕಂಡಕ್ಟರಿನಲ್ಲಿ ಚಾರ್ಜ್ ಇದೆ, ಸುತ್ತ ಇನ್ಸುಲೇಶನ್. ಗಾಸ್ ನಿಯಮದಿಂದ ಫೀಲ್ಡ್ ಹೊರಮುಖವಾಗಿದೆ, ದೂರ ರೋ ಆದರೆ ಅದರ ಬೆಲೆ ಕೆ ಭಾಗಿಸು ರೋ. ಇನ್ಸುಲೇಶನ್ ಒಳಗೆ ಚಾರ್ಜ್ ಇಲ್ಲ, ಆದ್ದರಿಂದ ಡೈವರ್ಜೆನ್ಸ್ (ಒಂದು ಬಿಂದುವಿನಿಂದ ಫೀಲ್ಡ್ ಎಷ್ಟು ಹೊರಹೊಮ್ಮುತ್ತದೆ ಎಂಬ ಅಳತೆ) ಸೊನ್ನೆ ಬರಲೇಬೇಕು. ಬಹಳ ಜನ ಕೆ ಭಾಗಿಸು ರೋವನ್ನು ನೇರ ಡಿಫರೆನ್ಷಿಯೇಟ್ ಮಾಡಿ ಮೈನಸ್ ಕೆ ಭಾಗಿಸು ರೋ ವರ್ಗ ಎಂದು ಬರೆಯುತ್ತಾರೆ. ಹಾಗಾದರೆ ಖಾಲಿ ಇನ್ಸುಲೇಶನ್ನಿನಲ್ಲಿ ಎಲ್ಲಿಂದಲೋ ಚಾರ್ಜ್ ಬಂದು ಕೂತ ಹಾಗಾಯಿತು. ಸಿಲಿಂಡ್ರಿಕಲ್‌ನಲ್ಲಿ ಮೊದಲು ಫೀಲ್ಡನ್ನು ರೋನಿಂದ ಗುಣಿಸಬೇಕು, ಆಮೇಲೆ ಡಿಫರೆನ್ಷಿಯೇಟ್, ಆಮೇಲೆ ರೋನಿಂದ ಭಾಗಾಕಾರ. ಗುಣಿಸಿದಾಗ ಉಳಿಯುವುದು ಬರೀ ಕೆ, ಅದರ ಡೆರಿವೇಟಿವ್ ಸೊನ್ನೆ. ಗುಣಿಸುವುದು ಏಕೆ? ಕಂಡಕ್ಟರಿನಿಂದ ದೂರ ಹೋದಂತೆ ಸುತ್ತಳತೆ ದೊಡ್ಡದಾಗುತ್ತದೆ. ಫೀಲ್ಡ್ ತೆಳುವಾದಷ್ಟೇ ಜಾಗ ಹಿಗ್ಗಿ ಒಟ್ಟು ಹರಿವು ಸರಿದೂಗುತ್ತದೆ. ವಾಲ್ಯೂಮ್ ಇಂಟಿಗ್ರಲ್‌ನಲ್ಲಿ ಇದೇ ರೋ, ಗೋಳದಲ್ಲಾದರೆ ಆರ್ ವರ್ಗ ಸೈನ್ ಥೀಟಾ, ಬರೆಯಲು ಮರೆತು ಹೋಗುತ್ತದೆ. ನಿಮ್ಮ 7 ಅಂಕದ ಉತ್ತರಪತ್ರಿಕೆ ತೆಗೆದು ನೋಡಿ, ಈ ಜಾತಿಯ ತಪ್ಪು ಒಂದಾದರೂ ಸಿಗುತ್ತದೆ.

"ಫೀಲ್ಡ್ ಥಿಯರಿ ಆಂಟೆನಾದವರಿಗೆ, ನಮಗೇಕೆ" ಎನ್ನುವುದೂ ಒಂದು ಕಟ್ಟುಕತೆ. ಮೇಲಿನ ಕೇಬಲ್ಲನ್ನೇ 33 ಕೆವಿಗೆ ತೆಗೆದುಕೊಳ್ಳಿ. ಫೇಸಿಗೆ ಸುಮಾರು 19 ಕೆವಿ. ಕಂಡಕ್ಟರ್ ತ್ರಿಜ್ಯ 10 ಮಿ.ಮೀ., ಇನ್ಸುಲೇಶನ್ನಿನ ಹೊರ ಅಂಚು 18 ಮಿ.ಮೀ.ಗೆ. 8 ಮಿ.ಮೀ. ದಪ್ಪಕ್ಕೆ 19 ಕೆವಿ ಎಂದರೆ ಸರಾಸರಿ 2.4 ಕೆವಿ ಪ್ರತಿ ಮಿ.ಮೀ.ಗೆ. ನಿಜದಲ್ಲಿ ಕಂಡಕ್ಟರಿಗೆ ತಾಗಿದ ಕಡೆ 3.2, ಹೊರ ಅಂಚಿನಲ್ಲಿ 1.8. ಹೊರಗಿಗಿಂತ ಒಳಗೆ ಒತ್ತಡ ಹೆಚ್ಚುಕಡಿಮೆ ಇಮ್ಮಡಿ. ಜಾಯಿಂಟ್ ಮಾಡುವಾಗ ಕಂಡಕ್ಟರ್ ಬದಿಯಲ್ಲಿ ಬಿಟ್ಟ ಸಣ್ಣ ಗಾಳಿಗುಳ್ಳೆ ಹೊರಬದಿಯ ಗುಳ್ಳೆಗಿಂತ ಏಕೆ ಅಪಾಯಕಾರಿ ಎಂಬುದು ಈ ಮೂರು ಅಂಕಿಯಲ್ಲಿದೆ.

ಸಿಗ್ನಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮುಗ್ಗರಿಸುವುದು ಕನ್ವಲ್ಯೂಶನ್‌ನಲ್ಲಿ, ಇಂಟಿಗ್ರಲ್ಲಿನ ಮಿತಿಗಳನ್ನು ಚಿತ್ರ ಬರೆಯದೆ ಊಹಿಸಿದಾಗ. ಎತ್ತರ 1 ಇರುವ ಎರಡು ಪಟ್ಟಿ, ಒಂದರ ಅಗಲ 2, ಇನ್ನೊಂದರದು 3. ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಜಾರಿಸಿದರೆ ಅಗಲ 5 ಇರುವ ಟ್ರೆಪೀಜಿಯಂ ಬರಬೇಕು, ನಡುವೆ 1 ಅಗಲದ ಸಮತಟ್ಟು, ಎತ್ತರ 2. ಅದರ ವಿಸ್ತೀರ್ಣ 6, ಎರಡು ಪಟ್ಟಿಗಳ ವಿಸ್ತೀರ್ಣದ ಗುಣಲಬ್ಧ. ಯಾವ ಕನ್ವಲ್ಯೂಶನ್ ಲೆಕ್ಕಕ್ಕೂ ಈ ಎರಡು ತಾಳೆ ಸಾಕು: ಅಗಲಗಳು ಕೂಡಬೇಕು, ವಿಸ್ತೀರ್ಣಗಳು ಗುಣಿಸಬೇಕು. ಕಂಟ್ರೋಲ್ ಸಿಸ್ಟಂ ಪಠ್ಯದ ಮಟ್ಟಿಗೆ ಹೆದರಿಸುವಷ್ಟು ಕಷ್ಟವಲ್ಲ. ಡಿಫರೆನ್ಷಿಯಲ್ ಈಕ್ವೇಶನ್ನನ್ನು ಬೀಜಗಣಿತವಾಗಿಸುವ ಲಾಪ್ಲಾಸ್ ಕೈವಶವಾಗಿದ್ದರೆ ಅಂಕ ಬರುವ ವಿಷಯ. ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸೂತ್ರ ನಂಬಬೇಡಿ, ವೇವ್‌ಫಾರ್ಮ್ ಬರೆಯಿರಿ. ಮೈಕ್ರೊಕಂಟ್ರೋಲರ್ ಅಭ್ಯಾಸದ ವಿಷಯ, ಅದರ ಚಿಂತೆ ಬಿಡಿ.

ಪವರ್ ಸಿಸ್ಟಂ ಅನಾಲಿಸಿಸ್ ಮಾತ್ರ ನಿಧಾನವಾಗಿ ನೋಡಬೇಕಾದದ್ದು. ಅದರ ಬಾಗಿಲು ಪರ್ ಯೂನಿಟ್, ಅಂದರೆ ಪ್ರತಿ ಬೆಲೆಯನ್ನೂ ಆಯ್ದುಕೊಂಡ ಒಂದು ಬೇಸ್ ಬೆಲೆಯ ಇಷ್ಟು ಪಟ್ಟು ಎಂದು ಬರೆಯುವುದು. 25 ಎಂವಿಎ, 11 ಕೆವಿ ಜನರೇಟರ್, ರಿಯಾಕ್ಟೆನ್ಸ್ 0.2, ಅದಕ್ಕೆ 30 ಎಂವಿಎ, 11/110 ಕೆವಿ ಟ್ರಾನ್ಸ್‌ಫಾರ್ಮರ್, 0.12. ಎರಡನ್ನೂ 100 ಎಂವಿಎ ಬೇಸ್‌ಗೆ ತಂದರೆ 0.8 ಮತ್ತು 0.4, ಒಟ್ಟು 1.2. ಟ್ರಾನ್ಸ್‌ಫಾರ್ಮರಿನ 110 ಕೆವಿ ತುದಿಯಲ್ಲಿ ಮೂರು ಫೇಸ್ ಫಾಲ್ಟ್ ಆದರೆ ಕರೆಂಟ್ 0.833 ಪರ್ ಯೂನಿಟ್. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ಆಂಪಿಯರಿಗೆ ತಿರುಗಿಸುವಾಗ 110 ಕೆವಿಯ ಬೇಸ್ ಕರೆಂಟ್ 525 ಹಿಡಿದರೆ ಉತ್ತರ 437 ಆಂಪಿಯರ್. 11 ಕೆವಿಯದನ್ನು ಹಿಡಿದರೆ 4374. ಹತ್ತು ಪಟ್ಟು! ತಮಾಷೆ ಎಂದರೆ ಎರಡನೆಯದೂ ಸುಳ್ಳಲ್ಲ, ಅದೇ ಫಾಲ್ಟಿಗೆ ಜನರೇಟರ್ ಬದಿಯಲ್ಲಿ ಹರಿಯುವ ಕರೆಂಟ್ ಅದು. ಕೇಳಿದ್ದು ಮಾತ್ರ 110ರ ಬದಿಯದು. ನಿಮ್ಮ ಕಡೆಯ ಸಬ್‌ಸ್ಟೇಷನ್‌ಗಳಲ್ಲಿ 110 ಕೆವಿ ಲೈನು ದಿನಾ ಕಾಣುತ್ತೀರಿ. ಅಲ್ಲಿ ರಿಲೇ ಸೆಟ್ಟಿಂಗ್ ಈ ಅಂಕಿಯ ಮೇಲೆ ನಿಂತಿರುತ್ತದೆ. ಒಂದು ಅಭ್ಯಾಸ ಮಾಡಿಕೊಳ್ಳಿ: ಲೆಕ್ಕ ಶುರು ಮಾಡುವ ಮೊದಲೇ ಒನ್‌ಲೈನ್ ಚಿತ್ರದಲ್ಲಿ ಪ್ರತಿ ವೋಲ್ಟೇಜ್ ಮಟ್ಟದ ಕೆಳಗೆ ಬೇಸ್ ಕೆವಿ ಮತ್ತು ಬೇಸ್ ಕರೆಂಟ್ ಬರೆದಿಡಿ.

ಅಸಮ ಫಾಲ್ಟಿಗೆ ಬಂದಾಗ ಸಿಮೆಟ್ರಿಕಲ್ ಕಾಂಪೊನೆಂಟ್ಸ್ ಬರುತ್ತದೆ. ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲಿ ಮಂಡಿಸಿದ ವಿಧಾನ. ವಿದ್ಯಾರ್ಥಿಗಳಿಗೆ ಇದು ಗಾಳಿಯಲ್ಲಿ ಗುದ್ದಿದ ಹಾಗೆ ಅನ್ನಿಸುತ್ತದೆ, ಆದರೆ ನಿಮ್ಮ ಅಂಗಡಿಗೆ ಅದು ವಾರವಾರ ಬರುತ್ತದೆ. ಒಂದು ಫೇಸ್ ಹೋಗಿ ಸುಟ್ಟ ಮೋಟರ್ ಬಿಚ್ಚಿದಾಗ ಸ್ಟಾರ್ ಆಗಿದ್ದರೆ ಎರಡು ಫೇಸಿನ ಕಾಯಿಲ್‌ಗಳು ಕರಕಲು, ಒಂದು ಹೊಸದರಂತೆ. ಡೆಲ್ಟಾ ಆಗಿದ್ದರೆ ಒಂದೇ ಕರಕಲು, ಎರಡು ಚೆನ್ನಾಗಿರುತ್ತವೆ. ಆಗ ಮೋಟರಿಗೆ ಹೋದ ಕರೆಂಟನ್ನು ಎರಡು ಸಮತೂಕದ ಗುಂಪಾಗಿ ಒಡೆಯಬಹುದು: ಮೋಟರ್ ತಿರುಗುವ ದಿಕ್ಕಿನ ಪಾಸಿಟಿವ್, ಎದುರು ದಿಕ್ಕಿನ ನೆಗೆಟಿವ್. 1500ರ ಬದಲು 1440ರಲ್ಲಿ ಓಡುವ ಮೋಟರಿನ ಸ್ಲಿಪ್ 0.04, ರೋಟರಿನಲ್ಲಿ 2 ಹರ್ಟ್ಸ್. ಎದುರು ತಿರುಗುವ ಫೀಲ್ಡಿಗೆ ಅದೇ ರೋಟರಿನ ಸ್ಲಿಪ್ 1.96, ಅಂದರೆ 98 ಹರ್ಟ್ಸ್. ರೋಟರ್ ಬಾರುಗಳು ಬೇಗ ಕಾಯುವುದು ಏಕೆಂದು ಈಗ ತಿಳಿಯಿತಲ್ಲ. ಇನ್ನೊಂದು ಗೊಂದಲ, ನ್ಯೂಟ್ರಲ್ ಇಂಪೀಡೆನ್ಸನ್ನು ಝೀರೊ ಸೀಕ್ವೆನ್ಸಿನಲ್ಲಿ (ಮೂರೂ ಫೇಸಿನಲ್ಲಿ ಒಟ್ಟಿಗೆ ಏರಿಳಿಯುವ ಮೂರನೇ ಗುಂಪು) ಮೂರು ಪಟ್ಟು ಏಕೆ ಬರೆಯುತ್ತಾರೆ ಎನ್ನುವುದು. ಮೂರು ಫೇಸಿನ ಝೀರೊ ಸೀಕ್ವೆನ್ಸ್ ಕರೆಂಟೂ ಒಂದೇ ಹೊತ್ತಿಗೆ ನ್ಯೂಟ್ರಲ್‌ಗೆ ಇಳಿಯುತ್ತದೆ, ಅಲ್ಲಿ ಡ್ರಾಪ್ ಮೂರು ಪಟ್ಟು. ಸರ್ಕ್ಯೂಟಿನಲ್ಲಿ ಒಂದೇ ಫೇಸ್ ತೋರಿಸುವುದರಿಂದ ಆ ಮೂರನ್ನು ಇಂಪೀಡೆನ್ಸಿಗೆ ಸೇರಿಸುತ್ತಾರೆ.

ಮಾಧ್ಯಮದ ತೊಂದರೆ ಇದೆ, ಆದರೆ ನೀವು ಅಂದುಕೊಂಡಲ್ಲಿ ಅಲ್ಲ. ಕನ್ನಡದಲ್ಲೇ ಯೋಚಿಸಿ, ತೊಂದರೆಯಿಲ್ಲ. ಪ್ರಶ್ನೆ ಓದುವಾಗ ನಾಲ್ಕೈದು ಮಾತುಗಳ ಕೆಳಗೆ ಗೆರೆ ಎಳೆಯಿರಿ: ಲೈನ್ ವೋಲ್ಟೇಜೋ ಪರ್ ಫೇಸೋ, ಲ್ಯಾಗಿಂಗೋ ಲೀಡಿಂಗೋ, ಆರ್‌ಎಂಎಸ್ಸೋ ಪೀಕೋ, ಪರ್ ಕಿಲೋಮೀಟರೋ ಒಟ್ಟೋ. ರೂಟ್ 3ರ ತಪ್ಪುಗಳು ಹುಟ್ಟುವುದೇ ಇಲ್ಲಿ.

ಇನ್ನು ಏನು ಮಾಡಬಹುದು. ಮೊದಲ ದಾರಿ, ಉಳಿದು ಬಾಕಿ ತೀರಿಸುವುದು. ಆರು ವಾರ, ದಿನಕ್ಕೆ ಒಂದೂಕಾಲು ಗಂಟೆ, ಕಾಲೇಜಿನ ಓದು ಬಿಟ್ಟು ಇದಕ್ಕೇ ಬೇರೆ. ಮೊದಲ ವಾರ ಕಾಂಪ್ಲೆಕ್ಸ್ ಸಂಖ್ಯೆ, ನಲವತ್ತು ಲೆಕ್ಕ, ಪೋಲಾರ್‌ನಿಂದ ರೆಕ್ಟ್ಯಾಂಗುಲರ್‌ಗೆ ಕಣ್ಣು ಮುಚ್ಚಿ ಹೋಗಿಬರುವಷ್ಟು. ಮುಂದಿನ ಮೂರು ವಾರ ವೆಕ್ಟರ್. ಇಂಟರ್ನಲ್ಸ್ ಹತ್ತಿರವಿದ್ದರೆ ಇದನ್ನೇ ಮೊದಲಿಗೆ ತನ್ನಿ. ಕೊನೆಯ ಎರಡು ವಾರ ಫಸ್ಟ್ ಆರ್ಡರ್ ಈಕ್ವೇಶನ್ ಮತ್ತು ಲಾಪ್ಲಾಸ್. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಉಚಿತವಾಗಿ ಸಿಗುತ್ತದೆ, ಆದರೆ ಒಂದು ಗಂಟೆ ವಿಡಿಯೊಗೆ ಎರಡು ಗಂಟೆ ಪೆನ್ನು ಓಡಬೇಕು. ಪುಸ್ತಕ ಮುಚ್ಚಿ ಲೆಕ್ಕ ಹಿಡಿಯಿರಿ, ಇಪ್ಪತ್ತು ನಿಮಿಷ ಒದ್ದಾಡಿ, ಆಮೇಲೆ ಉತ್ತರ ನೋಡಿ. ಇದರ ಅಪಾಯ ಒಂದೇ: ಈ ಆರು ವಾರ ಉಳಿದ ವಿಷಯಗಳ ಅಸೈನ್‌ಮೆಂಟ್ ಹಿಂದೆ ಬೀಳಬಹುದು, ರಜೆಯಲ್ಲಿ ಅಂಗಡಿಯ ಕೆಲಸಕ್ಕೂ ಕೈ ಸಾಲದು. ಅಪ್ಪನಿಗೆ ಮೊದಲೇ ಹೇಳಿಡಿ.

ಎರಡನೆಯದು, ಹೇಗೋ ಪಾಸಾಗುವುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ, ಆಯ್ಕೆ ಇರುವುದು ಮಾಡ್ಯೂಲಿನ ಒಳಗೆ ಮಾತ್ರ. ಎರಡು ಮಾಡ್ಯೂಲ್ ಕೈಬಿಟ್ಟರೆ ಉಳಿದ 60ರಲ್ಲಿ 35 ತೆಗೆಯಬೇಕು. ಲೆಕ್ಕದಲ್ಲಿ ಆಗುತ್ತದೆ, ಡೆರಿವೇಶನ್ ಉರುಹೊಡೆದು ಪಾಸಾದವರೂ ಇದ್ದಾರೆ. ಆದರೆ ಬಿಟ್ಟ ಮಾಡ್ಯೂಲು ಮುಂದಿನ ವಿಷಯದ ತಳಪಾಯವಾಗಿ ತಿರುಗಿ ಬರುತ್ತದೆ. ಫೀಲ್ಡ್ ಥಿಯರಿಯ ಕೊನೆಯ ಮಾಡ್ಯೂಲಿನ ವೇವ್ ಪ್ರೊಪಗೇಶನ್ ಬಿಟ್ಟರೆ ನಿಮಗೆ ಸದ್ಯ ಅಷ್ಟು ನಷ್ಟವಿಲ್ಲ. ಕೋಆರ್ಡಿನೇಟ್, ಗಾಸ್, ಆಂಪಿಯರ್ ಬಿಟ್ಟರೆ ಏನೂ ಉಳಿಯದು. ಸದ್ಯದ ಅಪಾಯವಂತೂ ಸೆಮಿಸ್ಟರ್ ಪರೀಕ್ಷೆಯಲ್ಲ, ಇಂಟರ್ನಲ್ಸ್. ಅಲ್ಲಿ ಶೇ. 40 ಬೇಕು, 7ರ ಜೊತೆ ಸರಾಸರಿ 10 ಆಗಲು ಎರಡನೆಯದರಲ್ಲಿ 13 ಬೇಕೇ ಬೇಕು. ಅಸೈನ್‌ಮೆಂಟ್ ಒಂದನ್ನೂ ಬಿಡಬೇಡಿ.

ಸಾಫ್ಟ್‌ವೇರ್ ಕಡೆ ಹೋಗುವುದು ತಪ್ಪಲ್ಲ, ದೂರದ ಬೆಟ್ಟ ಎನ್ನುವುದು ಮಾತ್ರ ನೆನಪಿರಲಿ. ಅಲ್ಲಿಯ ಕಂಪನಿಗಳೂ ಸಾಮಾನ್ಯವಾಗಿ ಬ್ಯಾಕ್‌ಲಾಗ್ ಇರಬಾರದು ಎನ್ನುತ್ತವೆ, ಆದ್ದರಿಂದ ಈ ವಿಷಯಗಳಿಂದ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ. ಕೋರ್ (ಎಲೆಕ್ಟ್ರಿಕಲ್) ಕಡೆ ನಿಂತರೆ ಎಂ.ಟೆಕ್ ಪ್ರವೇಶದ ಗೇಟ್ ಪತ್ರಿಕೆಯಲ್ಲಿ 72 ಅಂಕ ಇದೇ ವಿಷಯಗಳಿಂದ, 13 ಅಂಕ ಗಣಿತದಿಂದ. ಕೆಪಿಟಿಸಿಎಲ್, ಎಸ್ಕಾಂಗಳ ಎಇ (ಸಹಾಯಕ ಎಂಜಿನಿಯರ್) ಪರೀಕ್ಷೆಯಲ್ಲೂ ಮೆಷಿನ್ಸ್ ಮತ್ತು ಪವರ್ ಸಿಸ್ಟಂ ಮುಖ್ಯ. ವೈಂಡಿಂಗ್ ಕೈಯಾರೆ ಗೊತ್ತಿರುವವನಿಗೆ ಮೆಷಿನ್ಸ್‌ನಲ್ಲಿ ಇರುವ ಮುನ್ನಡೆ ನಿಮ್ಮ ತರಗತಿಯಲ್ಲಿ ಇನ್ನೊಬ್ಬರಿಗೆ ಇರಲಾರದು.

ಕೋರ್ಸ್ ಬಿಡುವ ಮಾತನ್ನು ಎರಡನೇ ಇಂಟರ್ನಲ್ಸ್ ಆಗುವವರೆಗೆ ಪಕ್ಕಕ್ಕಿಡಿ. ಆಮೇಲೆ ಉತ್ತರಪತ್ರಿಕೆ ಪಡೆದು, ಹೋದ ಒಂದೊಂದು ಅಂಕದ ಪಕ್ಕದಲ್ಲೂ ಬರೆಯಿರಿ: ಚಿಹ್ನೆ, ಕ್ಯಾಲ್ಕುಲೇಟರ್, ಕೋಆರ್ಡಿನೇಟ್‌ನಂಥ ತಪ್ಪೋ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೋ, ವಿಷಯವೇ ಗೊತ್ತಿರಲಿಲ್ಲವೋ. ಮೊದಲೆರಡೇ ಹೆಚ್ಚಿದ್ದರೆ ಅಭ್ಯಾಸ ಮುಂದುವರಿಸಿ, ಅದು ಇಳಿಯುತ್ತದೆ. ಮೂರನೆಯದೇ ತುಂಬಿದ್ದರೆ ಆ ಹಾಳೆಯನ್ನು ಹಿಡಿದು ವಿಷಯದ ಮೇಷ್ಟ್ರ ಹತ್ತಿರ ಹೋಗಿ. "ಅರ್ಥವಾಗಲಿಲ್ಲ ಸರ್" ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದು. "ಸಿಲಿಂಡ್ರಿಕಲ್‌ನಲ್ಲಿ ಈ ರೋ ಇಲ್ಲಿ ಏಕೆ ಬಂತು ಸರ್" ಎಂದು ಕೇಳಿ.